ದೀಪ ಹಚ್ಚುವ ಮುಂಚಿನ ಕೆಂಡ

ನಮ್ಮ ಮೊಮ್ಮಗಳಿಗೆ ಮೊದಲನೇ ಬಹುಮಾನ ಬಂದಿದೆ! ಮೈಸೂರಿನಲ್ಲಿ ಓದುತ್ತಾಳೆ, ಈಗ ರಜಕ್ಕೆ ಬಂದಿದ್ದಾಳೆ. ಬೆಳಿಗ್ಗೆ ಫೋನ್ ಬಂದಾಗ ಅವಳು ಕುಣಿದಳೋ ನಾನು ಕುಣಿದೆನೋ ಗೊತ್ತಿಲ್ಲ. ಐರ್ಲೆಂಡ್ ಅಂತ ಒಂದು ದೇಶವಂತೆ. ಅಲ್ಲಿ ಇಂಗ್ಲಿಷ್ ಅಲ್ಲದೆ ಅವರದೇ ಒಂದು ಹಳೇ ಭಾಷೆ ಇದೆಯಂತೆ. ಆ ಭಾಷೆಯ ಒಂದು ಪ್ರೇಮದ ಪದ್ಯದ ಮೇಲೆ ಇವಳು ಬರೆದದ್ದನ್ನು ದೊಡ್ಡ ದೊಡ್ಡ ಮೇಷ್ಟ್ರುಗಳು ಮೆಚ್ಚಿಕೊಂಡಿದ್ದಾರೆ. ನಾನೋ ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಎದುರು ಮನೆ, ಹಿಂದಿನ ಮನೆ, ಹಾಲಿನವನು, ಎಲ್ಲರಿಗೂ ಹೇಳಿ ಬಂದೆ. ಪದ್ಯದಲ್ಲಿ ಏನಿದೆ ಅಂತ ಯಾರಾದರೂ ಕೇಳಿದರೆ ಮಾತ್ರ ಬಾಯಿ ಮುಚ್ಚಿಕೊಳ್ಳಬೇಕಾಯಿತು. ಅದಕ್ಕೇ ಜಗಲಿಯ ಮೇಲೆ ಕೊಬ್ಬರಿ ಒಡೆಯಲು ಕೂತು ಅವಳನ್ನು ಪಕ್ಕಕ್ಕೆ ಕರೆದೆ.

ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಇಳಿಸಿದ ಕಾಯಿಯ ಚಿಪ್ಪು ಒಡೆದಾಗ ಎಣ್ಣೆ, ಹೊಗೆ ಎರಡೂ ಕಲೆತ ಒಂದು ವಾಸನೆ ಬರುತ್ತದೆ. ದಿನಾ ಮೂಗಿಗೆ ಬಡಿಯುವ ವಾಸನೆಯೇ. ಇವತ್ತು ಮಾತ್ರ...

"ಅಜ್ಜಿ, ಒಬ್ಬಳು ಹುಡುಗಿ ದಿನಾ ಸಾಯಂಕಾಲ ಒಂದು ಮನೆಗೆ ಕೆಂಡ ಕೇಳೋಕೆ ಹೋಗ್ತಾಳೆ. ಪದ್ಯದಲ್ಲಿ ಅಷ್ಟೇ ನಡೆಯೋದು" ಅಂದಳು.

"ಅಯ್ಯೋ, ಇದೇನೇ? ಪ್ರೇಮ ಅಂದೆ, ಕೆಂಡ ಅಂತೀಯ!"

"ಪ್ರೀತಿ ಅನ್ನೋ ಮಾತು ಕೊನೇ ಸಾಲಲ್ಲಿ ಒಂದೇ ಸಲ ಬರುತ್ತೆ. ಅದೂ ಇಂಗ್ಲಿಷ್ ಥರ ಅಲ್ಲ. 'ಇದೆ ಪ್ರೀತಿ ನನ್ನ ಹತ್ರ ನಿನ್ನ ಮೇಲೆ' ಅಂತಾರೆ. ಅವರಲ್ಲಿ ಕ್ರಿಯಾಪದ ಮೊದಲು ಬರುತ್ತೆ."

"ನಾವೂ ಅಂಗೇ ಅಲ್ವೇನೇ? ನಿನ್ನ ಮ್ಯಾಲೆ ನಂಗೆ ಪ್ರೀತಿ ಐತೆ ಅಂತೀವಿ. ಐತೆ ಅನ್ನೋದು ಕೊನೇಗೆ ಬತ್ತದೆ, ಅಷ್ಟೇಯ."

"ಹೂಂ ಅಜ್ಜಿ, ನಾನೂ ಅದನ್ನೇ ಬರ್ದಿದೀನಿ" ಅಂತ ನಕ್ಕಳು. "ಇನ್ನೊಂದು ಕೇಳು. ಅಲ್ಲೂ ಕೆಲವು ದಿನ ಮನೆಯಿಂದ ಆಚೆ ಬೆಂಕಿ ಕೊಡ್ತಿರಲಿಲ್ಲ, ಕೊಟ್ರೆ ಮನೆ ಭಾಗ್ಯ ಹೋಗುತ್ತೆ ಅಂತ. ಆದ್ರೂ ಆ ಮನೆ ಹುಡುಗ ಅವಳಿಗೆ ಕೊಡ್ತಾನೆ. ತಮಾಷೆ ಏನು ಗೊತ್ತಾ? ಅವಳ ಮನೇಲಿ ಒಲೆ ಆರಿರೋದೇ ಇಲ್ಲ!"

ನನ್ನ ಕೈಯಲ್ಲಿದ್ದ ಮಚ್ಚು ಹಾಗೇ ನಿಂತುಬಿಟ್ಟಿತು.

ನನ್ನ ತವರು ಇಲ್ಲೇ ಹತ್ತಿರದ ಕಣಕಟ್ಟೆ ಕಡೆಯ ಒಂದು ಊರು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ನಾನು ಲಂಗ ಹಾಕುತ್ತಿದ್ದ ಕಾಲ. ಮಳೆಗಾಲದಲ್ಲಿ ಅಟ್ಟದ ಕಾಯಿ ಕೆಡಬಾರದೆಂದು ಕೆಳಗೆ ಸಿಪ್ಪೆ ಹಾಕಿ ಸಣ್ಣಗೆ ಬೆಂಕಿ ಮಾಡುತ್ತಿದ್ದರು. ಅದನ್ನು ನೋಡಿಕೊಳ್ಳುವ ಕೆಲಸ ನಮ್ಮ ಅಣ್ಣನದು. ಸಂಜೆಯಾದರೆ ಸಾಕು, ಅಕ್ಕ ಒಂದು ಕಾಯಿಚಿಪ್ಪಿನಲ್ಲಿ ಬೂದಿ ಹಾಕಿಕೊಂಡು ಬಂದು ಹೊಸಿಲಾಚೆ ನಿಲ್ಲುತ್ತಿದ್ದಳು. "ಒಂದು ಕೆಂಡ ಕೊಡ್ರಮ್ಮ." ಅಣ್ಣ ಇಕ್ಕಳದಲ್ಲಿ ಕೆಂಡ ಹಿಡಿದು ತಂದು, ಬೂದಿಯ ಮೇಲೆ ಮೆಲ್ಲಗೆ ಇಡುತ್ತಿದ್ದ.

"ನಿಮ್ಮಪ್ಪಂಗೆ ಒಂದು ಬೆಂಕಿಪೊಟ್ಟಣ ತರಕ್ಕಾಗಕಿಲ್ವೇನಮ್ಮ?" ಅಂತ ಅವ್ವ ಮೂತಿ ತಿರುವುತ್ತಿದ್ದಳು. ಅಕ್ಕ ನಗುತ್ತಿದ್ದಳು, ಅಷ್ಟೇ. ಅವರ ಮನೆ ಹೆಂಚಿನ ಸಂದಿಯಿಂದ ಹೊಗೆ ಏಳುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನೋಡಿಯೂ...

ನಮ್ಮಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಬೆಂಕಿ, ಉಪ್ಪು, ಮೊಸರು ಯಾವುದನ್ನೂ ಆಚೆಯವರಿಗೆ ಕೊಡುವ ಹಾಗಿಲ್ಲ. ಮನೆಯ ಲಕ್ಷ್ಮಿ ಜೊತೆಗೇ ಹೊರಟುಹೋಗುತ್ತಾಳೆ ಎಂಬ ಭಯ. ದೀಪ ಹಚ್ಚುವ ಕೆಲಸ ನನ್ನದು. ನಾನು ಬತ್ತಿ ಹೊಸೆದು ಎಣ್ಣೆ ಬಿಟ್ಟರೆ ಅಣ್ಣ ಕೂತಲ್ಲಿಂದಲೇ, "ತಾಳೇ, ವಸಿ ಹೊತ್ತಾಗ್ಲಿ" ಅನ್ನುತ್ತಿದ್ದ. ಎಣ್ಣೆ ಉಳಿಸುತ್ತಾನೆ, ಜಿಪುಣ, ಅಂತ ನಾನು ಅವನನ್ನು ರೇಗಿಸುತ್ತಿದ್ದೆ. ಅಕ್ಕ ಬಂದು ಹೋದ ಮೇಲೆ ತಾನಾಗಿಯೇ, "ಈಗ ಹಚ್ಚು" ಅನ್ನುತ್ತಿದ್ದ.

ಆಮೇಲೆ ಅಕ್ಕನಿಗೆ ಗೆಂಡೆಹಳ್ಳಿ ಕಡೆಯ ಗಂಡು ಗೊತ್ತಾಯಿತು. ಮದುವೆಯ ಹಿಂದಿನ ದಿನ ಅವರ ಮನೆ ಮುಂದೆ ಚಪ್ಪರ ಎದ್ದಿತ್ತು, ಹಿತ್ತಲಲ್ಲಿ ಅಡುಗೆಯವರ ಒಲೆಗಳು ಧಗಧಗ ಉರಿಯುತ್ತಿದ್ದವು. ಅಂಥದ್ದರಲ್ಲಿ ಅರಿಶಿನ ಹಚ್ಚಿದ ಕೈಯಲ್ಲಿ ಚಿಪ್ಪು ಹಿಡಿದುಕೊಂಡು ಅಕ್ಕ ನಮ್ಮ ಹೊಸಿಲಿಗೆ ಬಂದಳು. ಮದುವೆ ಮನೆಗೆ ಹೋಗಬೇಕೆಂದು ಅವ್ವ ಆವತ್ತು ತಾನೇ ಬೇಗ ದೀಪ ಹಚ್ಚಿಬಿಟ್ಟಿದ್ದಳು.

"ದೀಪ ಹಚ್ಚಾಯ್ತು ಕಣಮ್ಮ. ನಿಮ್ಮನೇಲೇ ಇವತ್ತು ಊರಿಗಾಗೋಷ್ಟು ಬೆಂಕಿ ಐತಲ್ಲ, ಮದುವಣಗಿತ್ತಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಣ್ಣ ಮಾತ್ರ ಇಕ್ಕಳದಲ್ಲಿ ಕೆಂಡ ಹಿಡಿದು ಎದ್ದು ಬಂದಿದ್ದ. "ಏನ್ಲಾ, ಕಣ್ಣು ಕಾಣಾಕಿಲ್ವಾ ನಿಂಗೆ?" ಅಂದಳು ಅವ್ವ. ಅವನು ಹೊಸಿಲ ಒಳಗೆ, ಅವಳು ಹೊಸಿಲ ಆಚೆ. ಕೆಂಡ ಇಕ್ಕಳದಲ್ಲೇ ಬೆಳ್ಳಗೆ ಬೂದಿ ಕಟ್ಟುವವರೆಗೂ ನಿಂತೇ ಇದ್ದರು... ಅಕ್ಕ ಬರಿಯ ಚಿಪ್ಪು ಹಿಡಿದುಕೊಂಡು ಹೊರಟುಹೋದಳು.

ಎಷ್ಟೋ ವರ್ಷದ ಮೇಲೆ ಹಳೇಬೀಡಿನ ಗುಡಿಯ ಮುಂದಿನ ಹುಲ್ಲಿನ ಮೇಲೆ ಸಿಕ್ಕಿದ್ದಳು. ತಲೆ ನರೆತಿತ್ತು, ಜೊತೆಗೆ ಮಕ್ಕಳು ಮೊಮ್ಮಕ್ಕಳು. ಬುತ್ತಿ ಬಿಚ್ಚಿ ನನಗೂ ಚಿತ್ರಾನ್ನ ಕೊಟ್ಟಳು. ಅಣ್ಣನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಹೊರಡುವಾಗ ಮಾತ್ರ, "ನಿಮ್ಮ ತವರಲ್ಲಿ ಈಗ ದೀಪ ಎಷ್ಟೊತ್ತಿಗೆ ಹಚ್ತಾರೆ?" ಅಂದಳು. "ಈಗೆಲ್ಲ ಕರೆಂಟು ಐತಲ್ಲಕ್ಕ, ಸ್ವಿಚ್ ಒತ್ತಿದ್ರೆ ಆಯ್ತು" ಅಂದೆ. ಅಕ್ಕ ಬಹಳ ಹೊತ್ತು ನಕ್ಕಳು. ಕಣ್ಣೊರೆಸಿಕೊಂಡು ನಕ್ಕಳು. ನಗುವಂಥದ್ದು ನಾನೇನು ಹೇಳಿದೆ ಅಂತ ಆಗ ನನಗೆ ತಿಳಿಯಲಿಲ್ಲ.

ಇವತ್ತು ತಿಳಿಯಿತು ನೋಡಿ. ಯಾವುದೋ ಸಮುದ್ರದಾಚೆಯ ಹುಡುಗಿಯ ಪದ್ಯ ಬಂದು ನನ್ನ ತವರಿನ ಹೊಸಿಲ ಮೇಲೆ ನಿಂತಿತಲ್ಲ! ಯಾರನ್ನು ಕೇಳಲಿ? ಅಣ್ಣ ಹೋದ. ಅಕ್ಕನೂ ತೀರಿಕೊಂಡ ಸುದ್ದಿ ಬಂದು ಬಹಳ ದಿನವಾಯಿತು. ನಮ್ಮ ಮಾತಲ್ಲಿ 'ಐತೆ' ಅನ್ನುವುದು ಕೊನೆಗೇ ಬರುತ್ತದೆ. ಅವರಿಬ್ಬರಿಗೂ ಆ ಕೊನೆ ಸಿಗಲೇ ಇಲ್ಲ.

ಎಲ್ಲವನ್ನೂ ಮೊಮ್ಮಗಳಿಗೆ ಹೇಳಿದೆ. ಬಹುಮಾನ ಬಂದ ಹುಡುಗಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಅತ್ತಳು.

ಸಂಜೆ ಸೊಸೆ ಒಬ್ಬಟ್ಟು ಮಾಡಿದಳು, ಮಗ ಹೂವು ತಂದ. ಮೊಮ್ಮಗಳು ದೇವರ ಮುಂದೆ ಬೆಂಕಿಪೊಟ್ಟಣ ಹಿಡಿದು, "ಅಜ್ಜಿ, ದೀಪ ಹಚ್ಲಾ?" ಅಂದಳು.

"ತಾಳೇ, ವಸಿ ಹೊತ್ತಾಗ್ಲಿ" ಅಂದೆ. ನನ್ನ ಬಾಯಲ್ಲಿ ಅಣ್ಣನ ಮಾತೇ ಬಂದಿತ್ತು. ಅವಳು ಕಡ್ಡಿ ಗೀರದೆ ನಿಂತಳು. ಇಬ್ಬರೂ ಹೊಸಿಲ ಕಡೆ ನೋಡಿದೆವು. ಬೀದಿಯಲ್ಲಿ ಒಂದು ಬೈಕು ಹೋಯಿತು... ಮತ್ತೆ ಯಾರೂ ಬರಲಿಲ್ಲ.

"ಈಗ ಹಚ್ಚು" ಅಂದೆ.

ಆಮೇಲೆ ಎಲ್ಲರೂ ಸಾಲಾಗಿ ಕೂತು ಉಂಡೆವು. ಮೊಮ್ಮಗಳ ಒಬ್ಬಟ್ಟಿಗೆ ನಾನೇ ತುಪ್ಪ ಹಾಕಿದೆ.