ಸಸ್ಯಾಹಾರಿಗಳು ಹಿಡಿದ ಒಂದು ಮೀನು

ಅರ್ಜಿ ನಮೂನೆಗಳಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡು ಪದಗಳ ಪಕ್ಕದಲ್ಲಿ ಬಾಯಿ ತೆರೆದು ಕುಳಿತಿರುವ ಪುಟ್ಟ ಚೌಕಗಳನ್ನು ನೀವೂ ಕಂಡಿರುತ್ತೀರಿ. ಒಂದು ಅಕ್ಕಿಕಾಳು ಕೂಡ ನೆಟ್ಟಗೆ ಮಲಗಲಾರದ ಆ ಜಾಗದಲ್ಲಿ ಮನುಷ್ಯ ತನ್ನ ಆರೋಗ್ಯ, ವೈವಾಹಿಕ ಸ್ಥಿತಿ, ಅಪರಾಧಗಳು ಎಲ್ಲವನ್ನೂ ಹಿಡಿಸಬೇಕು. ಸಿಂಗಪುರದಲ್ಲಿ ಇಷ್ಟು ವರ್ಷ ಬದುಕಿದ ಮೇಲೆ ನನ್ನ ಹೆಬ್ಬೆರಳು ಮಿದುಳಿನ ಅಪ್ಪಣೆಗೆ ಕಾಯದೆ ಫೋನಿನ ಮೇಲಿನ ಚೌಕಗಳನ್ನು ಮುಟ್ಟುವಷ್ಟು ಸ್ವತಂತ್ರವಾಗಿದೆ. ಕಳೆದ ತಿಂಗಳು ಸ್ಕಾಟ್‌ಲ್ಯಾಂಡಿನ ಪಶ್ಚಿಮಕ್ಕಿರುವ ಒಂದು ದ್ವೀಪದ ಅತಿಥಿಗೃಹದಿಂದ ಬಂದ ನಮೂನೆಯನ್ನೂ ಅದು ಹಾಗೆಯೇ ತುಂಬಿಸಿತು. ಆಹಾರ: ಸಸ್ಯಾಹಾರಿ. ಟ್ರೌಟ್ ಮೀನು ಹಿಡಿದ ಪೂರ್ವಾನುಭವ ಇದೆಯೇ: ಹೌದು. ಎರಡು ಗುರುತುಗಳೂ ಒಂದರ ಕೆಳಗೊಂದು ಬಿದ್ದ ಮೇಲೆಯೇ ನನಗೆ ಹೊಳೆದದ್ದು, ಆ ದ್ವೀಪದ ಒಡತಿ ಇದನ್ನು ಓದಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾಳೆ ಎಂದು.

ಪ್ರವಾಸದ ಯೋಜನೆ ನನ್ನದಲ್ಲ, ಈರಣ್ಣನದು. ಇಲ್ಲಿಯದೇ ವುಡ್‌ಲ್ಯಾಂಡ್ಸ್ ಬಡಾವಣೆಯಲ್ಲಿ ವಾಸವಾಗಿರುವ ಈರಣ್ಣ ಹುಬ್ಬಳ್ಳಿಯಿಂದಲೇ ನನ್ನ ಸಹಪಾಠಿ. ಮೂವತ್ತು ವರ್ಷಗಳ ಹಿಂದೆ ಸ್ಕಾಟ್‌ಲ್ಯಾಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಒಂದೇ ಕೋಣೆ, ಒಂದೇ ಕುಕ್ಕರು, ಒಂದೇ ಮಳೆಕೋಟನ್ನು ನನ್ನೊಡನೆ ಹಂಚಿಕೊಂಡವನು. ಇಬ್ಬರೂ ಲಿಂಗವಂತರ ಮನೆಯವರು, ಮೊಟ್ಟೆಯನ್ನು ಕೂಡ ದೂರದಿಂದ ನೋಡಿ ಬೆಳೆದವರು. ಈಚೆಗೆ ಅವನ ಬಲಗೈ ತುಸು ನಡುಗತೊಡಗಿದೆ. ಒಂದು ಭಾನುವಾರ ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ಕಾಫಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಾ, “ಡಾಕ್ಟರ್ ಏನೇನರ ಹೇಳ್ಲಿ, ಈ ಕೈ ಪೂರಾ ಕೆಡೂದ್ರೊಳಗ ಆ ದ್ವೀಪಕ್ಕ ಹೋಗಿ ಬರೋಣಲೇ. ಹಗಲು ಟ್ರೌಟು, ಸಂಜಿಗೆ ವಿಸ್ಕಿ. ಲೀಡರ್ ನೀನ. ಮೀನು ಹಿಡದಾಂವ ನೀನ ಅಲ್ಲೇನು?” ಎಂದ. ನಾನು ವಿನಯದಿಂದ ತಲೆ ತಗ್ಗಿಸಿದೆ. ಹಿಡಿದವನು ನಾನೇ ಎಂಬುದರಲ್ಲಿ ಅಂದು ನನಗೆ ಸಂಶಯವಿರಲಿಲ್ಲ.

ಈ ಮೀನಿನ ಕಥೆಯನ್ನು ಸಿಂಗಪುರದ ಕನ್ನಡಿಗರಲ್ಲಿ ಕೇಳದವರು ಕಡಿಮೆ. ಕೇಳಿಯೂ ಎದ್ದು ಹೋಗದವರು ಇನ್ನೂ ಕಡಿಮೆ. ಪರೀಕ್ಷೆ ಮುಗಿದ ವಾರ ನಾವಿಬ್ಬರೂ ಆ ದ್ವೀಪಕ್ಕೆ ಹೋದೆವು. ಗುಡ್ಡದ ನಡುವಿನ ಕಪ್ಪುನೀರಿನ ಕೆರೆಯಲ್ಲಿ ಒಬ್ಬ ಮುದುಕ ದೋಣಿಗಾರ ನಮ್ಮ ಕೈಗೆ ಗಾಳದ ಕೋಲು ಕೊಟ್ಟ. ದಾರದ ತುದಿಯಲ್ಲಿ ಹುಳುವಿರಲಿಲ್ಲ, ಹಕ್ಕಿಗರಿಯಿಂದ ಕಟ್ಟಿದ ನೊಣದ ವೇಷವಿತ್ತು. ಹೀಗಾಗಿ ಹುಳುಹಿಂಸೆಯ ಪಾಪ ತಪ್ಪಿತು. ಎರಡು ತಾಸಿನ ಮೇಲೆ ದಾರ ಜಗ್ಗಿತು. ಕಂದು ಮೈಮೇಲೆ ಕೆಂಪು ಚುಕ್ಕೆಗಳಿದ್ದ, ಒಂದು ಗೇಣುದ್ದದ ಟ್ರೌಟು. ಅದನ್ನು ಎತ್ತಿ ಹಿಡಿದು, ಫೋಟೋ ತೆಗೆಸಿಕೊಂಡು, ನೀರಿಗೆ ಬಿಟ್ಟು, ಸಂಜೆ ಮೊದಲ ಬಾರಿಗೆ ಆ ದ್ವೀಪದ ವಿಸ್ಕಿಯನ್ನು ಕುಡಿದೆ. ಅದು ಅಜ್ಜನ ಮನೆಯ ಬಚ್ಚಲಲ್ಲಿ ನೀರೊಲೆಯ ಹೊಗೆಯನ್ನು ಹಿಂಡಿ ಸೀಸೆಯಲ್ಲಿ ತುಂಬಿದಂತಿತ್ತು. ಕಥೆ ಇಷ್ಟೇ. ಆದರೆ ಹೇಳುವಾಗ ಮೀನು ಒಂದು ಗೇಣು ಇದ್ದದ್ದು ಒಂದು ಮೊಳವಾಗುತ್ತಿತ್ತು, ಎರಡು ತಾಸು ನಾಲ್ಕಾಗುತ್ತಿತ್ತು. ಹೇಳಿದಾಗಲೆಲ್ಲ ಈರಣ್ಣ ಪಕ್ಕದಲ್ಲಿ ಕುಳಿತು ಶೇಂಗಾ ಬಿಡಿಸುತ್ತಿದ್ದ. ಒಮ್ಮೆಯೂ ತಕರಾರು ಎತ್ತಿದವನಲ್ಲ.

ನನ್ನ ಹೆಂಡತಿ ಗಿರಿಜೆಯ ಅನುಮತಿ ಎರಡು ಷರತ್ತಿನ ಮೇಲೆ ಸಿಕ್ಕಿತು: ಹಿಡಿದ ಮೀನು ಬಿಡಬೇಕು, ಕುಡಿದ ಸೀಸೆ ಮನೆಗೆ ತರಬಾರದು. ಇಲ್ಲಿಯೇ ಹುಟ್ಟಿ ಬೆಳೆದ ಮಗಳು ಅಕ್ಷತಾಗೆ ಮೊದಲನೆಯ ಷರತ್ತೇ ಅರ್ಥವಾಗಲಿಲ್ಲ. “ಹಿಡಿದು ವಾಪಸ್ ಬಿಡೋದಾದ್ರೆ ಅಷ್ಟು ದೂರ ಯಾಕಪ್ಪಾ? ಸೋ ಲಾಂಗ್ ಫ್ಲೈಟ್ ಲಾ” ಎಂದಳು. ಉತ್ತರ ಕೊಡುವ ಬದಲು ನಾನು ಅಭ್ಯಾಸಕ್ಕಾಗಿ ಒಂದು ಗಾಳದ ಕೋಲು ಕೊಂಡು, ಬೆಳಗ್ಗೆ ಪುಂಗೋಲ್ ಕಡಲತೀರದ ಜೆಟ್ಟಿಗೆ ಹೋಗತೊಡಗಿದೆ. ಪಕ್ಕದಲ್ಲಿ ಗಾಳ ಹಾಕುವ ಚೀನೀ ಹಿರಿಯರೊಬ್ಬರು ಮೂರು ದಿನ ಸುಮ್ಮನೆ ನೋಡಿ, ನಾಲ್ಕನೆಯ ದಿನ ನನ್ನ ದಾರದ ತುದಿಯನ್ನು ಬೆರಳಲ್ಲಿ ಎತ್ತಿ, “ಅಂಕಲ್, ನೋ ಹುಕ್, ಹೌ ಟು ಕ್ಯಾಚ್?” ಎಂದು ಕರುಣೆಯಿಂದ ಕೇಳಿದರು. ಅಭ್ಯಾಸದಲ್ಲಿಯೂ ಅಹಿಂಸೆ ಇರಲೆಂದು ಕೊಕ್ಕೆಯನ್ನು ತೆಗೆದಿಟ್ಟಿದ್ದೇನೆ ಎಂದು ಎಪ್ಪತ್ತು ದಾಟಿದ ಬೆಸ್ತರಿಗೆ ಹೇಗೆ ವಿವರಿಸುವುದು? “ಟ್ರೇನಿಂಗ್” ಎಂದೆ. ಅವರು ತಮ್ಮ ಬುಟ್ಟಿಯನ್ನು ನನ್ನಿಂದ ಎರಡು ಮಾರು ದೂರ ಸರಿಸಿಕೊಂಡರು.

ಎಡವಟ್ಟು ಮಾಡಿದ್ದು ಅಕ್ಷತಾಳ ಪ್ರೀತಿ. ನಮ್ಮಿಬ್ಬರಿಗೂ ಅಂಗಿಯ ಮೇಲೆ ಆ ಹಳೆಯ ಫೋಟೋವನ್ನು ಅಚ್ಚು ಹಾಕಿಸಿಕೊಡುತ್ತೇನೆಂದು ಅದನ್ನು ಸ್ಕ್ಯಾನ್ ಮಾಡಿ, ಪರದೆಯ ಮೇಲೆ ಹಿಗ್ಗಿಸಿ, ಊಟದ ಮೇಜಿಗೆ ತಂದಳು. ಫೋಟೋದಲ್ಲಿರುವುದು ಮಳೆಕೋಟು, ಅದರ ಟೋಪಿ, ಟೋಪಿಯ ನೆರಳಲ್ಲಿ ಒಂದು ಮೀಸೆ, ಮೀಸೆಯ ಮುಂದೆ ಒಂದು ಮೀನು. ಕೋಟು ಇಬ್ಬರದೂ ಹೌದು. ಆ ಕಾಲದಲ್ಲಿ ಮೀಸೆಯೂ ಇಬ್ಬರದೂ ಒಂದೇ ಕತ್ತರಿಯಿಂದ ಆದದ್ದು.

“ಅಪ್ಪಾ, ನೆಕ್ ಹತ್ರ ಈ ವೈಟ್ ವೈಟ್ ಏನು?”

ಗಿರಿಜೆ ರೊಟ್ಟಿಯ ತಟ್ಟೆಯನ್ನು ಇಟ್ಟು ಬಗ್ಗಿ ನೋಡಿದಳು. “ಶಿವದಾರ ಅಲ್ಲೇನ್ರೀ? ಲಿಂಗದ ಕರಡಿಗಿ ಸೈತ ಕಾಣಸ್ತೈತಿ ನೋಡ್ರಿ, ಗುಂಡಿ ಬಿಚ್ಚಿದಲ್ಲೆ.”

ನಾನು ಪರದೆಯನ್ನು ನನ್ನತ್ತ ತಿರುಗಿಸಿಕೊಂಡೆ. ಏಕೆಂದರೆ ನನ್ನ ಬಳಿ ಇನ್ನೊಂದು ಕಥೆಯಿದೆ, ಮೀನಿನಷ್ಟೇ ಹಳೆಯದು, ಮೀನಿಗಿಂತ ಹೆಚ್ಚು ಬಾರಿ ಮಗಳಿಗೆ ಹೇಳಿದ್ದು: ಸ್ಕಾಟ್‌ಲ್ಯಾಂಡ್ ಮುಟ್ಟಿದ ಮೊದಲ ವಾರವೇ, ಪ್ರಮಾಣವಿಲ್ಲದ್ದನ್ನು ನಂಬಬಾರದೆಂದು ನಿರ್ಧರಿಸಿ, ಕೊರಳಿನ ಲಿಂಗವನ್ನು ತೆಗೆದು ಪೆಟ್ಟಿಗೆಯ ತಳದಲ್ಲಿಟ್ಟ ಕಥೆ. ನನ್ನ ವೈಚಾರಿಕ ಜೀವನದ ಶಿಲಾನ್ಯಾಸ ಅದು. ಈರಣ್ಣನಾದರೋ ಇಂದಿಗೂ ಲಿಂಗ ತೆಗೆದವನಲ್ಲ.

“ದೆನ್ ಇದು ನೀನಲ್ಲ ಲಾ. ಈರಣ್ಣ ಅಂಕಲ್” ಎಂದಳು ಅಕ್ಷತಾ, ನಾನೇ ಕಲಿಸಿದ ತರ್ಕವನ್ನು ನನಗೇ ಬಡಿಸುತ್ತಾ.

“ಹಂಗೂ ಹೇಳಾಕ ಬರೂದಿಲ್ಲ” ಎಂದಳು ಗಿರಿಜೆ. “ಅತ್ತಿಯವರು ನನಗ ಬ್ಯಾರೇನ ಹೇಳಿದ್ರು. ಓದು ಮುಗಿಸಿ ಬಂದು ವಿಮಾನ ಇಳಿದಾಗ ಕೊರಳಾಗ ಲಿಂಗ ಇತ್ತು, ತಗದದ್ದು ಆಮ್ಯಾಲೆ ಅಂತ.”

ನನ್ನ ಪೇಚನ್ನು ನೋಡಿ. ಲಿಂಗ ತೆಗೆದದ್ದು ಮೊದಲ ವಾರವೇ ಎಂದಾದರೆ ಮೀನು ನನ್ನದಲ್ಲ. ಮೀನು ನನ್ನದೇ ಎಂದಾದರೆ, ಆ ಬಂಡಾಯ ಊರಿಗೆ ಮರಳಿ ಅವ್ವನ ಕೈಯ ಊಟ ಉಂಡು ಸುಧಾರಿಸಿಕೊಂಡ ಮೇಲಿನದು. ಮೂವತ್ತು ವರ್ಷ ಎರಡು ಪದಕಗಳನ್ನೂ ಎದೆಗೆ ಚುಚ್ಚಿಕೊಂಡು ತಿರುಗಿದವನಿಗೆ ಒಂದು ಹಿಡಿ ದಾರ ಬಂದು, ಎರಡರಲ್ಲಿ ಒಂದನ್ನು ಕೆಳಗಿಡು ಎನ್ನುತ್ತಿತ್ತು. ಸಾಕ್ಷಿ ಹೇಳಬೇಕಾಗಿದ್ದ ಅವ್ವ ಈಗಿಲ್ಲ. ನನ್ನ ಉದ್ಯೋಗವೋ ಸೆಲೆಟಾರ್‌ನಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷಿಸುವುದು. ಕಣ್ಣಾರೆ ಕಾಣದ ಒಂದು ಬೋಲ್ಟಿಗೂ ಸಹಿ ಹಾಕಬಾರದು, ಬರೆದಿಡದ ಕೆಲಸ ಆಗದ ಕೆಲಸ ಎಂದು ಹೊಸಬರಿಗೆ ಪಾಠ ಹೇಳುವ ನಾನು, ನನ್ನದೇ ಆಯುಷ್ಯದ ಮೇಲೆ ಎಷ್ಟು ಕಡೆ ನೋಡದೆ ಸಹಿ ಮಾಡಿದ್ದೇನೋ! ಆ ಕೆರೆಯನ್ನು ಕಣ್ಣು ಮುಚ್ಚಿ ನೆನೆದೆ. ಕೈಗೆ ದಾರ ಜಗ್ಗಿದ್ದು ಸ್ಪಷ್ಟವಾಗಿ ನೆನಪಾಯಿತು. ಆದರೆ ಅದರ ಬೆನ್ನಿಗೇ, ಕ್ಯಾಮೆರಾದ ಕಿಂಡಿಯಲ್ಲಿ ಮೀನು ಒದ್ದಾಡಿದ್ದೂ ಅಷ್ಟೇ ಸ್ಪಷ್ಟವಾಗಿ ನೆನಪಾಯಿತು.

ಶನಿವಾರ ವುಡ್‌ಲ್ಯಾಂಡ್ಸ್‌ಗೆ ಹೋದೆ. ಈರಣ್ಣ ತನ್ನ ವಸತಿ ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎಂಬ ತೆರೆದ ಜಗಲಿಯ ಕಲ್ಲುಬೆಂಚಿನ ಮೇಲೆ ಕುಳಿತಿದ್ದ. ಫೋನನ್ನು ಮುಂದೆ ಹಿಡಿದು, ಫೋಟೋ ಹಿಗ್ಗಿಸಿ ತೋರಿಸಿ, ನೇರವಾಗಿ ಕೇಳಿದೆ: “ಖರೆ ಹೇಳು ಈರ್ಯಾ. ಇದು ನೀನೋ ನಾನೋ?”

ಅವನು ಬಹಳ ಹೊತ್ತು ನೋಡಿದ. ನಂತರ ನಕ್ಕ. “ಏನ್ ಹೇಳ್ಲಿ? ಮೊದಮೊದಲು ನಾನ ಹಿಡದೆ ಅಂತ ಇತ್ತು ತಲಿಯಾಗ. ನೀ ಇಷ್ಟು ಸರ್ತೆ, ಇಷ್ಟು ಛಂದ ಹೇಳೀದಿ, ಈಗ ನಾ ಕಣ್ಣು ಮುಚ್ಚಿದ್ರೂ ಹಿಡಿಯಾಂವ ನೀನ ಕಾಣ್ತಿ.”

“ಅಲ್ಲೋ, ಮೊದಲೇ ಯಾಕ ಹೇಳಲಿಲ್ಲ?”

“ಏ ಹೋಗಲೇ. ಮಂದಿ ನಗತಿದ್ರು, ನೀ ಖುಷಿ ಇರತಿದ್ದಿ. ನಾ ಹೇಳಿದ್ರ ಎರಡ ಮಾತಿಗೆ ಕಥಿ ಮುಗೀತಿತ್ತು.” ಆಮೇಲೆ, ಆ ಸಂಗತಿ ಈ ಮಾತಿಗೆ ಸಂಬಂಧಿಸಿದ್ದೇ ಅಲ್ಲವೇನೋ ಎಂಬಂತೆ, “ಅವತ್ತು ಆ ದ್ವೀಪದಾಗ ನಾ ಎರಡ ಸರ್ತೆ ಜಳಕಾ ಮಾಡಿದ್ದು ನೆನಪೈತಿ ನೋಡು. ಬಿಸಿನೀರು ಇರಲಿಲ್ಲ. ಹಲ್ಲು ಕಟಕಟ. ಯಾಕ ಮಾಡಿದೆ ಅನ್ನೂದು ಮಾತ್ರ ನೆನಪಿಲ್ಲ” ಎಂದ.

ಯಾಕೆ ಎಂಬುದು ನನಗೆ ಗೊತ್ತಾಯಿತು. ಹುಬ್ಬಳ್ಳಿಯ ನಮ್ಮ ಓಣಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಮೀನು ಮುಟ್ಟಿದ ಕೈಯಿಂದ ಲಿಂಗ ಮುಟ್ಟಲಾಗದೆ, ಸಂಜೆಯ ಪೂಜೆಗೆ ಮುನ್ನ ಆ ಹಿಮದಂಥ ನೀರಿನಲ್ಲಿ ಇನ್ನೊಮ್ಮೆ ಮಿಂದವನ ನಡುಕ ಅದು. ಸಂಶಯವಾದಿಗಳ ನ್ಯಾಯಾಲಯದಲ್ಲಿ ಇದು ಪ್ರಮಾಣವಲ್ಲ. ನಾನು ಹಿಡಿದ ಮೀನನ್ನು ಮುಟ್ಟಿ ಮಿಂದಿರಬಹುದು, ಕೆಸರಿಗೆ ಬಿದ್ದು ಮಿಂದಿರಬಹುದು. ಆದರೆ ಕಥೆಯಾಗಿ ಒಮ್ಮೆಯೂ ಹೇಳಿಸಿಕೊಳ್ಳದ ಕಾರಣ ಆ ಚಳಿ ಮಾತ್ರ ಕೆಡದೆ ಉಳಿದಿತ್ತು. ನನ್ನ ನೆನಪು ಹೇಳಿ ಹೇಳಿ ನುಣುಪಾಗಿ ಹೊಳೆಯುತ್ತಿತ್ತು. ಅವನದು ಒರಟಾಗಿ, ಅರ್ಧವಾಗಿ, ಹಾಗೆಯೇ ಇತ್ತು. ಎರಡರಲ್ಲಿ ಯಾವುದಕ್ಕೆ ಸಹಿ ಹಾಕಬೇಕೆಂದು ಸೆಲೆಟಾರ್‌ನಲ್ಲಿ ಯಾರಾದರೂ ಕೇಳಿದ್ದರೆ ನಾನು ತಡವರಿಸುತ್ತಿರಲಿಲ್ಲ. ಅವನ ಬಲಗೈ ಬೆಂಚಿನ ಮೇಲೆ ತನ್ನಷ್ಟಕ್ಕೆ ನಡುಗುತ್ತಿತ್ತು. ಅವನು ತನ್ನ ಮೀನನ್ನು ನನ್ನ ಕೈಯಲ್ಲಿ ಬಿಟ್ಟು, ಮೂವತ್ತು ವರ್ಷ ಶೇಂಗಾ ಬಿಡಿಸಿದ್ದನೆಂದು ನನಗೆ ಅನ್ನಿಸಿತು.

ಮರಳುವಾಗ ಬಸ್ಸಿನಲ್ಲಿಯೇ, ಇಬ್ಬರಿಗಾಗಿಯೂ ನಾನೇ ತುಂಬಿದ್ದ ನಮೂನೆಯನ್ನು ತೆರೆದು ನನ್ನ ‘ಹೌದು’ ಅನ್ನು ‘ಇಲ್ಲ’ ಮಾಡಿದೆ, ಈರಣ್ಣನ ‘ಇಲ್ಲ’ವನ್ನು ‘ಹೌದು’ ಮಾಡಿದೆ. ಅದರ ಪ್ರತಿ ಅವನಿಗೂ ಹೋಗುತ್ತದೆಂಬುದು ಗಮನಕ್ಕೆ ಬಂದಿರಲಿಲ್ಲ. ಮರುದಿನ ನೋಡಿದರೆ ಅವನು ಎರಡನ್ನೂ ಮೊದಲಿನಂತೆ ತಿರುಗಿಸಿದ್ದ. ನಾನು ಮತ್ತೆ ತಿದ್ದಿದೆ. ಅವನು ಮತ್ತೆ ತಿರುಗಿಸಿ, ನನಗೆ ಒಂದು ಧ್ವನಿಸಂದೇಶ ಕಳಿಸಿದ: “ಶಾಣ್ಯಾ ಆಗಬ್ಯಾಡಲೇ, ಲೀಡರ್ ನೀನ.” ಮೂರನೆಯ ದಿನ ದ್ವೀಪದ ಒಡತಿಯಿಂದ ಬಹಳ ಸೌಜನ್ಯದ ಪತ್ರ ಬಂತು. ಮಹನೀಯರ ಅನುಭವದ ಬಗ್ಗೆ ಮಹನೀಯರಲ್ಲೇ ಒಮ್ಮತವಿಲ್ಲದ್ದರಿಂದ ಇಬ್ಬರನ್ನೂ ಹೊಸಬರ ದೋಣಿಗೆ ಹಾಕಲಾಗಿದೆ. ಮೊದಲ ದಿನ ದೋಣಿಗೆ ಒಂದೇ ಗಾಳದ ಕೋಲು, ಕಲಿಸುವವರು ಜೊತೆಗಿರುತ್ತಾರೆ. ಊಟಕ್ಕೆ ಬಟಾಣಿ ಸಾರು ನಡೆಯುತ್ತದೆಯೇ?

ಬಟಾಣಿಗೆ ಹೌದು ಎಂದು ಬರೆದೆ. ಉಳಿದ ಚೌಕಗಳನ್ನು ಈ ಬಾರಿ ಮುಟ್ಟಲಿಲ್ಲ. ಕೋಲು ಒಂದೇ ಆದದ್ದು ಒಳ್ಳೆಯದೇ ಆಯಿತು. ಅದು ಈರಣ್ಣನ ಕೈಯಲ್ಲಿರಲಿ, ಕೈ ನಡುಗಿದರೆ ನೀರಿನಲ್ಲಿ ಆ ಗರಿಯ ನೊಣ ಇನ್ನಷ್ಟು ಜೀವಂತವಾಗಿ ಕಂಡೀತು. ನಾನು ಕ್ಯಾಮೆರಾ ಹಿಡಿಯುತ್ತೇನೆ. ಆ ಕೆಲಸದಲ್ಲಿ ಪೂರ್ವಾನುಭವ ಇದೆಯೇ ಎಂದು ನಮೂನೆಯಲ್ಲಿ ಎಲ್ಲಿಯೂ ಕೇಳಿಲ್ಲ. ಕೇಳಿದ್ದರೆ, ಬಹುಶಃ, ಹೌದು.