ಅರ್ಧ ಗುಳಿಗೆ

ರೋಣದಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ಚಿಗವ್ವ ಎನ್ನುತ್ತಿದ್ದೆವು. ಅವಳು ರೊಟ್ಟಿ ಬಡಿದರೆ ಮೊದಲ ರೊಟ್ಟಿ ಗಿಡ್ಡ ಗೋಡೆಯ ಮೇಲಿಂದ ನಮ್ಮ ಮನೆಗೇ ಬರುತ್ತಿತ್ತು. "ಒಬ್ಬಾಕಿನ ತಿಂದ್ರ ಮೈಗೆ ಹತ್ತಂಗಿಲ್ಲವ್ವಾ" ಎನ್ನುತ್ತಿದ್ದಳು.

ಒಂದು ವರ್ಷ ಅವಳ ಮುಖ ರೊಟ್ಟಿ ಬುಟ್ಟಿಯಂತೆ ಉಬ್ಬಿತು. ಹೊಟ್ಟೆ ಬೆಳೆದು ಕೈಕಾಲು ಸಣ್ಣಗಾದವು. ಮೈಯಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಹೆಚ್ಚಾಗಿದೆಯೆಂದು ದವಾಖಾನೆಯಲ್ಲಿ ಅದನ್ನು ತಗ್ಗಿಸುವ ಗುಳಿಗೆ ಕೊಟ್ಟರು. ನಾಲ್ಕು ತಿಂಗಳಿಗೆ ಮುಖ ಇಳಿಯಿತು. ಓಣಿಯ ಹೆಂಗಸರೆಲ್ಲ ಬೆರಗಾಗಿ ನೋಡಿದರು, ದಪ್ಪಗಿದ್ದ ನನ್ನ ಅವ್ವನೂ.

ಮುಂದೊಂದು ಬೆಳಿಗ್ಗೆ ಅವ್ವ ಒಲೆಯ ಮುಂದೆಯೇ ಎಚ್ಚರ ತಪ್ಪಿ ಬಿದ್ದಳು. ಅದಕ್ಕೂ ಮೊದಲು ವಾರವಿಡೀ ವಾಂತಿ, ಸುಸ್ತು. ನಾನೂ ಚಿಗವ್ವನೂ ಅವಳನ್ನು ದವಾಖಾನೆಗೆ ಒಯ್ದೆವು.

"ಇವ್ರು ಏನರ ಗುಳಿಗಿ ತಗೋತಾರೇನ್ರಿ?" ಡಾಕ್ಟರು ಕೇಳಿದರು.

"ಇಲ್ರಿ" ಎಂದೆ.

ನನ್ನ ಹಿಂದೆ ನಿಂತಿದ್ದ ಚಿಗವ್ವ ಸೆರಗಿನ ಗಂಟು ಬಿಚ್ಚಿ, ನಡುವೆ ಮುರಿದ ಗುಳಿಗೆಗಳನ್ನು ಮೇಜಿನ ಮೇಲಿಟ್ಟಳು. "ಅಕ್ಕ ತಾನೂ ತೆಳ್ಳಗಾಗಬೇಕು ಅಂದ್ಳ್ರಿ. ಎರಡ್ ತಿಂಗಳಾತು, ದಿನಾ ಅರ್ಧ ಆಕಿಗೆ, ಅರ್ಧ ನನಗ."

"ಇವ್ರ ಮೈಯಾಗ ಇರಬೇಕಾದ ಹಾರ್ಮೋನೂ ಇಳದೈತಿ!" ಎನ್ನುತ್ತ ಡಾಕ್ಟರು ಅವ್ವನ ಹತ್ತಿರ ಓಡಿದರು. ಬಾಯಿಗೆ ಬಂದಂತೆ ಬೈಯಬೇಕೆಂದು ಚಿಗವ್ವನ ಕಡೆ ತಿರುಗಿದೆ. ಆಗಲೇ ನನಗೆ ಕಂಡದ್ದು: ಅವಳ ಮುಖ ಮತ್ತೆ ಉಬ್ಬಿತ್ತು.