ಖಾಲಿ ತೋಟಾಗಳೂ ಗೋವಿನಜೋಳದ ಪುಡಿಯೂ

ಅಬುಧಾಬಿಯಲ್ಲಿ ಟ್ರೋಫಿ, ಫಲಕಗಳನ್ನು ತಯಾರಿಸುವ ಒಂದು ವರ್ಕ್‌ಶಾಪಿನಲ್ಲಿ ನಾನು ಎಂಜಿನಿಯರ್. ಹೋದ ಚಳಿಗಾಲದಲ್ಲಿ ಶೂಟಿಂಗ್ ಕ್ಲಬ್ಬೊಂದು ನಮಗೆ ಎರಡು ಪೆಟ್ಟಿಗೆ ತುಂಬ ಹಿತ್ತಾಳೆಯ ಖಾಲಿ ತೋಟಾ ಕಳಿಸಿತು. ಗುಂಡು ಹಾರಿದ ಮೇಲೆ ಉಳಿಯುವ ಬೆರಳುದ್ದದ ಕೊಳವೆಗಳು, ಎಲ್ಲವೂ ಮಸಿ ಹಿಡಿದಿದ್ದವು. ಅವನ್ನು ಹೊಳೆಯುವಂತೆ ಮಾಡಿ, ಮರದ ಹಲಗೆಗೆ ಕೂರಿಸಿ, ಸದಸ್ಯರಿಗೆ ಕಾಣಿಕೆ ಕೊಡಬೇಕಂತೆ.

ಹೊಳಪು ಕೊಡಲು ನಮ್ಮಲ್ಲಿ ತಿರುಗುವ ಡ್ರಮ್ ಇದೆ. ಅದರೊಳಗೆ ಸಾಮಾನಿನ ಜೊತೆ ಉಜ್ಜುವ ಪುಡಿ ಹಾಕಿ ಕೆಲವು ತಾಸು ತಿರುಗಿಸಿದರೆ ಆಯಿತು. ಯಾವ ಪುಡಿ ಎಂಬುದಷ್ಟೇ ಪ್ರಶ್ನೆ. ಅದಕ್ಕಾಗಿ ನಾನು ಮೂರು ಸಂಜೆ ಕೂತು ವಿಡಿಯೋ ನೋಡಿದೆ. ನೋಟ್‌ಬುಕ್ಕಿನಲ್ಲಿ ಕೋಷ್ಟಕ ಹಾಕಿದೆ. ಮೂರನೆಯ ದಿನದ ಹೊತ್ತಿಗೆ ನನ್ನಷ್ಟು ತಿಳಿದವನು ಕೊಲ್ಲಿ ದೇಶಗಳಲ್ಲೇ ಇರಲಿಕ್ಕಿಲ್ಲ ಅನ್ನಿಸತೊಡಗಿತ್ತು.

ನಮ್ಮ ಫೋರ್‌ಮನ್ ಪುತ್ತೂರು ಕಡೆಯ ಬ್ಯಾರಿ. ವಯಸ್ಸಿನಲ್ಲಿ ನನಗಿಂತ ಹಿರಿಯರು, ಮಾತು ಕಡಿಮೆ. ಒಂದು ತೋಟಾ ಎತ್ತಿಕೊಂಡು ಅದರ ಬಾಯಿಗೆ ಕಣ್ಣಿಟ್ಟು ನೋಡಿದರು.

"ಕುತ್ತಿಗೆ ಸಪೂರ ಉಂಟು ಸರ್. ಅಕ್ರೋಟ್ ಚಿಪ್ಪಿನ ಪುಡಿ ಹಾಕುವ. ನೈಸ್ ಪುಡಿ."

"ಅಕ್ರೋಟು ಹಳೇ ಕಿಲುಬಿಗೆ ರೀ ಭಾಯ್," ಎಂದೆ ನಾನು, ನೋಟ್‌ಬುಕ್ ತೆರೆಯುತ್ತ. "ಇವು ಮೊನ್ನೆ ಮೊನ್ನೆ ಹಾರಿಸಿದ್ದು. ಹೊಳಪು ಬೇಕಂದ್ರ ಗೋವಿನಜೋಳದ ದಿಂಡಿನ ಪುಡಿನ ಆಗಬೇಕು."

"ಆಯ್ತು ಸರ್," ಎಂದು ಅವರು ಚಹಾ ಕುಡಿಯಲು ಹೋದರು.

ಪುಡಿ ಹೊರದೇಶದಿಂದ ಬರಲು ಎರಡು ವಾರ ಬೇಕಿತ್ತು. ಆದರೆ ಅದನ್ನೇ ಹಕ್ಕಿ ಪಂಜರದೊಳಗೆ ಹಾಸುತ್ತಾರೆಂದು ವಿಡಿಯೋದಲ್ಲಿ ಕೇಳಿದ್ದೆ. ಸಾಕುಪ್ರಾಣಿಗಳ ಅಂಗಡಿಗೆ ಹೋದೆ.

"ಯಾವ ಹಕ್ಕಿ ಸರ್?" ಎಂದು ಅಂಗಡಿಯವನು ಹಿಂದಿಯಲ್ಲಿ ಕೇಳಿದ.

ತೋಟಾ ಎನ್ನಲು ಧೈರ್ಯವಾಗಲಿಲ್ಲ. "ಗಿಳಿ," ಎಂದೆ. ಎಷ್ಟು ಗಿಳಿ ಎಂದ. ನಾನು ಕೈಗಾಡಿಯಲ್ಲಿದ್ದ ಆರು ಚೀಲ ನೋಡಿ, "ಬಹಳ," ಎಂದೆ. ಅವನು ಗೌರವದಿಂದ ಚೀಲಗಳನ್ನು ಕಾರಿನವರೆಗೆ ತಳ್ಳಿಕೊಂಡು ಬಂದ.

ರೀಮ್ ಐಲ್ಯಾಂಡಿನ ಮನೆಯಲ್ಲಿ ಹೆಂಡತಿಗೆ ಅವನ್ನು ಹೆಮ್ಮೆಯಿಂದ ತೋರಿಸಿದೆ. ನಮ್ಮಿಬ್ಬರದೂ ಹಾವೇರಿ ಕಡೆ. ಸುತ್ತ ಎತ್ತ ನೋಡಿದರೂ ಗೋವಿನಜೋಳ. ಅವಳು ಮುಷ್ಟಿ ತುಂಬ ಪುಡಿ ಎತ್ತಿ ಮೂಸಿದಳು. "ಅಲ್ರೀ, ಊರಾಗ ದಿಂಡು ಒಲಿಗೆ ಹಾಕಿ ಮುಗಸಾಕ ಆಗ್ತಿರಲಿಲ್ಲ. ಇಲ್ಲಿ ಅದನ್ನ ಅಂಗಡ್ಯಾಗ ಕೊಂಡು ತಂದೀರೇನು?" ಮಗಳು ಫೋನಿನಿಂದ ತಲೆಯೆತ್ತದೆ, "ಅಪ್ಪಾ, ಆರ್ ವೀ ಗೆಟಿಂಗ್ ಎ ಪ್ಯಾರಟ್?" ಎಂದಳು.

ಮರುದಿನ ಡ್ರಮ್ ತುಂಬಿದೆ. ಹಿತ್ತಾಳೆ ಪಾಲಿಶ್ ಎರಡು ಮುಚ್ಚಳ ಸಾಕೆಂದು ವಿಡಿಯೋದವನು ಹೇಳಿದ್ದ. ಹೊಳಪು ಇನ್ನಷ್ಟು ಬರಲಿ ಎಂದು ನಾನು ಅರ್ಧ ಬಾಟಲಿ ಸುರಿದೆ. ಸಂಜೆ ತೆರೆದರೆ ಒಳಗೆ ಕಾಳುಕಾಳಾದ ಉಪ್ಪಿಟ್ಟು. ಹಕ್ಕಿ ಪಂಜರದ ಪುಡಿಯ ದಪ್ಪ ಹರಳುಗಳು ಒದ್ದೆಯಾಗಿ ಊದಿಕೊಂಡು ಒಂದೊಂದು ತೋಟಾದ ಕುತ್ತಿಗೆಯಲ್ಲೂ ಕಚ್ಚಿ ಕೂತಿದ್ದವು. ನೆಲಕ್ಕೆ ಕುಟ್ಟಿದೆ. ಬಾಯಿಂದ ಊದಿದೆ. ಒಂದೂ ಅಲುಗಲಿಲ್ಲ. ಬೆಳಗಾಗುವಷ್ಟರಲ್ಲಿ ಅವು ಗಾರೆಯ ಹಾಗೆ ಗಟ್ಟಿಯಾಗಿದ್ದವು.

ಆಮೇಲಿನ ನಾಲ್ಕು ದಿನ ಇಡೀ ವರ್ಕ್‌ಶಾಪು ದಬ್ಬಣ, ತಂತಿ ಹಿಡಿದು ನನ್ನ ಜೋಳವನ್ನು ಕೆದಕಿತು. ವೆಲ್ಡಿಂಗಿನವರು, ಪೇಂಟಿಂಗಿನವರು, ಕೊನೆಗೆ ಡ್ರೈವರ್ ಕೂಡ. ನಾನು ನಡುವೆ ಕೂತು ಎಲ್ಲರಿಗಿಂತ ಹೆಚ್ಚು ಕೆದಕಿದೆ. ತಲೆ ಎತ್ತಿದರೆ ಯಾರ ಕಣ್ಣನ್ನಾದರೂ ಎದುರಿಸಬೇಕಿತ್ತಲ್ಲ. ಫೋರ್‌ಮನ್ ಪಕ್ಕದಲ್ಲೇ ಇದ್ದರು. "ನಾನು ಹೇಳಿರಲಿಲ್ಲವಾ" ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಬಂದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾಲ್ಕನೆಯ ದಿನ ನಾನೇ ಬಾಯಿಬಿಟ್ಟೆ. "ಭಾಯ್, ಇನ್ನ ಏನು ಮಾಡೂದು?"

"ಬಿಸಿನೀರಿಗೆ ಸೋಪು ಹಾಕಿ ತೊಳೆಯುವ. ಬಿಸಿಲಿಗೆ ಒಣಗಿಸುವ. ಮತ್ತೆ ಅಕ್ರೋಟ್," ಎಂದು ಮೇಜಿನ ಮೇಲಿದ್ದ ಬಾಟಲಿ ಎತ್ತಿಕೊಂಡು, "ಪಾಲಿಶ್ ಬಾಟ್ಲಿ ನನ್ನತ್ರ ಇರಲಿ ಸರ್," ಎಂದರು.

ಅಕ್ರೋಟ್ ಚಿಪ್ಪಿನ ಪುಡಿ ಅದೇ ಅಂಗಡಿಯಲ್ಲಿತ್ತು, ಹಲ್ಲಿ ಸಾಕುವವರು ಗೂಡಿಗೆ ಹಾಸುವ ಸಾಮಾನಿನ ಸಾಲಿನಲ್ಲಿ. ಸಣ್ಣ ಮರಳಿನ ಹಾಗಿತ್ತು. ಅಂಗಡಿಯವನು ಗಿಳಿಗಳ ಯೋಗಕ್ಷೇಮ ಕೇಳಿದ. ಚೆನ್ನಾಗಿವೆ ಎಂದು ಬೇಗ ಹೊರಬಿದ್ದೆ. ಈ ಸಲ ಡ್ರಮ್ ತೆರೆದಾಗ ತೋಟಾಗಳು ಹೊಸ ಬಳೆಗಳ ಹಾಗೆ ಹೊಳೆಯುತ್ತಿದ್ದವು. ಬೋರಲು ಹಾಕಿದರೆ ಪುಡಿ ಸರ್ರನೆ ಸುರಿಯಿತು.

ಹಲಗೆಗಳನ್ನು ಒಪ್ಪಿಸಲು ಇಬ್ಬರೂ ಕ್ಲಬ್ಬಿಗೆ ಹೋದೆವು. ಅಲ್ಲಿನ ಮ್ಯಾನೇಜರ್ ಒಂದನ್ನು ಬೆಳಕಿಗೆ ಹಿಡಿದು, ಇಷ್ಟು ಚೆನ್ನಾಗಿ ಮಾಡಿದವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ಫೋರ್‌ಮನ್ ತಟ್ಟನೆ ನನ್ನ ಕಡೆ ಕೈ ತೋರಿಸಿದರು. ನಾನು ಅವರು ಕೊಟ್ಟಿದ್ದ ಅರಬ್ಬಿ ಕಾಫಿ ಗಹ್ವಾದ ಲೋಟ ಎತ್ತಿ ಒಂದು ಗುಟುಕು ಕುಡಿದೆ, ಇನ್ನೊಂದು ಗುಟುಕು ಕುಡಿದೆ. ಸುಮ್ಮನಿದ್ದುಬಿಡುವ ಆಸೆ ಬಹಳವಿತ್ತು. ಮೂರನೆಯ ಗುಟುಕು ಇಳಿಯಲಿಲ್ಲ. ಕೆಡಿಸಿದ್ದು ನಾನು, ಸರಿಪಡಿಸಿದ್ದು ಇವರು ಎಂದೆ. ಮ್ಯಾನೇಜರ್ ನಕ್ಕು ಎದ್ದುಬಂದು ಅವರ ಕೈ ಕುಲುಕಿ, ಹೇಗೆ ಮಾಡಿದಿರೆಂದು ಒಂದೊಂದೇ ಕೇಳತೊಡಗಿದ. ಅವರು ಬೆವರುತ್ತ "ವಾಲ್‌ನಟ್, ವಾಲ್‌ನಟ್" ಎಂದರು.

ವಾಪಸ್ ಬರುವಾಗ ಕಾರು ಓಡಿಸುತ್ತಲೇ ನಾನು ಹೇಳಿದೆ. "ಎಷ್ಟು ದೊಡ್ಡ ಮನಸ್ಸು ಭಾಯ್ ನಿಮ್ಮದು. ನನ್ನ ಮರ್ಯಾದಿ ಉಳಿಸಾಕ ನೋಡಿದ್ರಿ."

ಅವರು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಎಂತದ್ದು ಮರ್ಯಾದೆ ಮಾರಾಯ್ರೆ? ನನಗೆ ಇಂಗ್ಲಿಷ್ ಬರುದಿಲ್ಲ. ನೀವು ಮಾತಾಡ್ತೀರಿ ಅಂತ ತೋರಿಸಿದ್ದು. ಸುಮ್ನೆ ನನ್ನನ್ನು ಸಿಕ್ಕಿಸಿ ಹಾಕಿದ್ರಿ."

ಬನಿಯಾಸ್‌ನ ಅವರ ರೂಮಿನ ಮುಂದೆ ಇಳಿಯುವವರೆಗೂ ಅವರು ಅದನ್ನೇ ಗೊಣಗುತ್ತಿದ್ದರು.